ಹಿರಿಯರ ಹಬ್ಬಕ್ಕೆ ಎಡೆ ಇಡುವುದು ಹೇಗೆ?

ಅಪ್ಪ ಇರುವವರೆಗೂ ಎಡೆ ಇಡುವ ಕೆಲಸ ಅಪ್ಪನದೇ. ನಾವು ಹಿಂದೆ ನಿಂತು ಕೈ ಮುಗಿದರೆ ಸಾಕಿತ್ತು. ಅವರು ಹೋದ ಮೇಲೆ ಪಿತೃಪಕ್ಷ ಬಂತೆಂದರೆ ಎಲ್ಲರೂ ಮಗನ ಮುಖ ನೋಡುತ್ತಾರೆ. ಹಾಗೆ ಮೊದಲ ಸಲ ನಿಲ್ಲುವವರಿಗಾಗಿ, ಮಂಡ್ಯ, ಮೈಸೂರು ಕಡೆಯ ಒಕ್ಕಲು ಮನೆಗಳ ಕ್ರಮ ಇಲ್ಲಿದೆ. ಮನೆಯಿಂದ ಮನೆಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ.

ಮೊದಲು ದಿನ ಗೊತ್ತು ಮಾಡಿ. ಭಾದ್ರಪದ ಹುಣ್ಣಿಮೆಯ ಮಾರನೇ ದಿನದಿಂದ ಅಮಾವಾಸ್ಯೆವರೆಗೆ ಪಿತೃಪಕ್ಷ. ಕೊನೆಯ ದಿನವಾದ ಮಹಾಲಯ ಅಮಾವಾಸ್ಯೆ 2026ರಲ್ಲಿ ಅಕ್ಟೋಬರ್ 10, ಶನಿವಾರ ಬರುತ್ತದೆ. ಶನಿವಾರ ಮಾಂಸ ಮಾಡದ ಮನೆಗಳಿವೆ. ಅಂಥವರು ಪಕ್ಷದಲ್ಲೇ ಬೇರೆ ದಿನ ಇಟ್ಟುಕೊಳ್ಳಬಹುದು. ಅಣ್ಣತಮ್ಮಂದಿರು ಮೊದಲೇ ಕೂತು ಮಾತಾಡಿಕೊಳ್ಳಿ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಮನೆಯಲ್ಲಿ ತೀರಿಹೋದವರ ಹೆಸರು ಬರೆಯಿರಿ. ಅಪ್ಪ, ಅವ್ವ, ಅಜ್ಜ, ಅಜ್ಜಿ, ಚಿಕ್ಕ ವಯಸ್ಸಿನಲ್ಲೇ ಹೋದವರು, ಎಲ್ಲರದೂ. ಪ್ರತಿ ಹೆಸರಿನ ಮುಂದೆ ಅವರಿಗೆ ಏನು ಇಷ್ಟವಿತ್ತು ಅಂತ ಬರೆಯಿರಿ. ನನಗೆ ಇಡೀ ಹಬ್ಬದಲ್ಲಿ ದೊಡ್ಡ ಕೆಲಸ ಇದೇ ಅನ್ನಿಸುತ್ತದೆ. ಮೊದಲ ವರ್ಷ ನಾನು ಎಲ್ಲ ಜೋಡಿಸಿ ಧೂಪಕ್ಕೆ ಕೆಂಡ ತಂದಾಗ ಸೋದರತ್ತೆ ಕೇಳಿದರು, 'ನಿಮ್ಮವ್ವಂಗೆ ಕಡ್ಡಿಪುಡಿ ಎಲ್ಲಪ್ಪ?' ಅವ್ವ ಊಟ ಬಿಟ್ಟರೂ ಎಲೆ ಅಡಿಕೆ, ಅದರ ಜೊತೆ ಹಾಕುವ ಹೊಗೆಸೊಪ್ಪಿನ ಕಡ್ಡಿಪುಡಿ ಬಿಟ್ಟವಳಲ್ಲ. ಅದನ್ನು ಮಗನೇ ಮರೆತಿದ್ದೆ. ಧೂಪ ನಿಲ್ಲಿಸಿ ಅಂಗಡಿಗೆ ಓಡಿದೆ. ನೆನಪಿರುವ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಗಂಡಸರಿಗೆ ಪಂಚೆ, ಟವೆಲ್, ಹೆಂಗಸರಿಗೆ ಸೀರೆ, ಕುಪ್ಪಸದ ಕಣ ತನ್ನಿ. ಮುತ್ತೈದೆಯಾಗಿ ಹೋದವರಿಗೆ ಬಳೆ, ಅರಿಸಿನ, ಕುಂಕುಮವೂ ಬೇಕು.

ಅಡುಗೆಗೆ ಕಜ್ಜಾಯ, ವಡೆ, ಪಾಯಸ, ಮುದ್ದೆ, ಅನ್ನ, ಜೊತೆಗೆ ಕೋಳಿಯದೋ ಮರಿಯದೋ ಸಾರು. ಕಜ್ಜಾಯದ ಹಿಟ್ಟನ್ನು ಒಂದೆರಡು ದಿನ ಮುಂಚೆಯೇ ಬೆಲ್ಲದ ಪಾಕಕ್ಕೆ ಹಾಕಿ ಕಲಸಿಡಿ. ಎಡೆ ಇಡುವವರೆಗೆ ಯಾರೂ ಬಾಯಿಗೆ ಹಾಕಿ ರುಚಿ ನೋಡುವಂತಿಲ್ಲ. ಉಪ್ಪನ್ನು ಅಂದಾಜಿನಲ್ಲೇ ಹಾಕಬೇಕು. ಇಷ್ಟೂ ಕೆಲಸವನ್ನು ಹೆಂಡತಿಯ ತಲೆಗೆ ಹಾಕಿ ಸಂಜೆ ಬಂದು ಸುಮ್ನೆ ಊದುಬತ್ತಿ ಹಚ್ಚುವುದು ಸರಿಯಲ್ಲ. ಅಪ್ಪ ಅವ್ವ ನಿಮ್ಮವರು, ಅಲ್ವಾ? ಪಾತ್ರೆ ಉಜ್ಜಿ, ಕಾಯಿ ತುರಿಯಿರಿ.

ಹೊಳೆಗೆ ಹೋಗುವವರು ಬೆಳಿಗ್ಗೆಯೇ ಹೋಗಿ ಬನ್ನಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅವತ್ತು ಜನ ಜಾಸ್ತಿ. ದಕ್ಷಿಣಕ್ಕೆ ಮುಖ ಮಾಡಿ, ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವಿನಿಂದ ಎಳ್ಳುನೀರು ಬಿಡಬೇಕು.

ಸಂಜೆ ನಡುಮನೆ ತೊಳೆದು, ಕಳಸ ಇಟ್ಟು, ಹೊಸ ಬಟ್ಟೆ ಮಡಿಸಿಡಿ. ಫೋಟೋ ಇದ್ದರೆ ಅದನ್ನೂ ಇಡಿ. ದೀಪ ಹಚ್ಚಿ, ಬಾಳೆ ಎಲೆ ಹಾಸಿ, ಮಾಡಿದ್ದೆಲ್ಲ ಬಡಿಸಿ. ಕಾಯಿ ಒಡೆದು, ಸಾಂಬ್ರಾಣಿ ಧೂಪ ಹಾಕಿ, ಒಬ್ಬೊಬ್ಬರ ಹೆಸರು ಹೇಳಿ ಕರೆಯಿರಿ. ಮಕ್ಕಳ ಕೈಯಲ್ಲೂ ಧೂಪ ಹಾಕಿಸಿ. ಮುಖವನ್ನೇ ನೋಡದ ಅಜ್ಜಿಯ ಹೆಸರು ಅವರ ಕಿವಿಗೆ ಬೀಳುವುದು ಆಗಲೇ.

ಈಗ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆಯಿರಿ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಜಗಲಿಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಮ್ಮ ಮನೆಯಲ್ಲಿ ಬಾಗಿಲು ತಟ್ಟಿಯೇ ಒಳಗೆ ಹೋಗುತ್ತೇವೆ. ಎಡೆಯಿಂದ ಸ್ವಲ್ಪ ತೆಗೆದು ಮಾಳಿಗೆ ಮೇಲೆ ಕಾಗೆಗೆ ಇಟ್ಟು, ಉಳಿದದ್ದನ್ನು ಎಲ್ಲರಿಗೂ ಹಂಚಿ.

ಸೀರೆಯನ್ನು ಮನೆಯ ಹೆಣ್ಣುಮಕ್ಕಳು ಉಡುತ್ತಾರೆ. ಅಪ್ಪನಿಗೆ ಇಟ್ಟ ಪಂಚೆಯನ್ನು ನಾನು ಉಟ್ಟುಕೊಂಡೇ ಊಟಕ್ಕೆ ಕೂರುತ್ತೇನೆ.