ಸ್ಕಾಲರ್‌ಶಿಪ್ ಅರ್ಜಿ: ಮೊದಲು ಖಾತೆ, ಆಮೇಲೆ ಯೋಜನೆ

ಚಿಕ್ಕಮಗಳೂರಿನ ಆಲ್ದೂರು, ವಸ್ತಾರೆ ಕಡೆಯ ಡಿಗ್ರಿ ಮಕ್ಕಳ ಅರ್ಜಿ ತುಂಬುವಾಗ ಯಾವ್ಯಾವ ಯೋಜನೆ ಇದೆ ಎಂದು ನಾನು ಮೊದಲು ಹುಡುಕುವುದಿಲ್ಲ. ಅರ್ಜಿ ಮಂಜೂರಾಗಿಯೂ ದುಡ್ಡು ಬಾರದೆ ಉಳಿಯುವುದು ಹೆಚ್ಚಾಗಿ ಬ್ಯಾಂಕಿನ ಹಂತದಲ್ಲೇ. ‘ಆಧಾರ್ ಲಿಂಕ್ ಆಗಿದೆ ಸಾರ್’ ಎಂದರೆ ಸಾಲದು. ಕೆವೈಸಿಗೆ, ಅಂದರೆ ಗುರುತಿನ ದಾಖಲೆಯಾಗಿ, ಬ್ಯಾಂಕಿಗೆ ಆಧಾರ್ ಕೊಟ್ಟಿರುವುದು ಬೇರೆ; ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕೆಂದು ಆಧಾರ್‌ಗೆ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಬೇರೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಮ್ಯಾಪ್ ಆಗಿರುತ್ತದೆ; ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಅಲ್ಲಿ ಸೀಡಿಂಗ್ (ಈ ಜೋಡಣೆ) ಮಾಡಿಸಿದರೆ ದುಡ್ಡು ಆ ಕಡೆ ತಿರುಗುತ್ತದೆ. ಮೈ ಆಧಾರ್ ತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಬ್ಯಾಂಕಿನ ಹೆಸರು ಮತ್ತು ‘ಆ್ಯಕ್ಟಿವ್’ ಎರಡೂ ಕಾಣಬೇಕು. ಶಾಲೆಯಲ್ಲಿದ್ದಾಗ ತೆರೆದ ಮೈನರ್ ಖಾತೆಯಾದರೆ, 18 ತುಂಬಿದ ಮೇಲೆ ಕೆವೈಸಿ ಕೊಟ್ಟು ಮೇಜರ್ ಮಾಡಿಸಿ. ಇಲ್ಲದಿದ್ದರೆ ಖಾತೆ ತಡೆಹಿಡಿದಿರುತ್ತಾರೆ, ಬಂದ ದುಡ್ಡು ವಾಪಸ್ ಹೋಗುತ್ತದೆ.

ಎರಡನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡುತ್ತೇನೆ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮಲ್ಲಿ ಮಾಮೂಲು. ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆಯೇ ಆಧಾರ್ ತಿದ್ದಿಸುವುದು ಸುಲಭ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ. ಮುಗಿದಿದ್ದರೆ ಫಲಿತಾಂಶ ಬರುವ ಮುಂಚೆಯೇ ನಾಡಕಚೇರಿಯಲ್ಲಿ ಹೊಸದು ಮಾಡಿಸಿ, ಅದರ ಮೇಲಿನ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಕರೆಂಟೂ ಇಲ್ಲ, ಓಟಿಪಿಯೂ ಇಲ್ಲ.

ಇಷ್ಟಾದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ತಾಣ ಎಸ್‌ಎಸ್‌ಪಿಯ ಅರ್ಜಿ ಕಷ್ಟವಲ್ಲ. ಅಲ್ಲಿ ಕಾಲೇಜಿನ ಇ-ದೃಢೀಕರಣ ಅಧಿಕಾರಿ ದಾಖಲೆ ಒಪ್ಪಿ ಕೊಡುವ ಐಡಿ ಬೇಕು. ಮೊದಲ ವರ್ಷದವರಿಗೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ತಡವಾಗಿ ಬರುವುದರಿಂದ ಅರ್ಜಿ ಅಲ್ಲೇ ನಿಲ್ಲುತ್ತದೆ. ಕಾಲೇಜು ಕಚೇರಿಯ ಬೆನ್ನು ಬೀಳುವುದೊಂದೇ ದಾರಿ. ಹಾಸ್ಟೆಲ್ ಸಿಗದೆ ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ರೂಮು ಮಾಡಿರುವ ಹಿಂದುಳಿದ ವರ್ಗದ ಮಕ್ಕಳು ವಿದ್ಯಾಸಿರಿ ಬಿಡಬಾರದು: ಊಟ-ವಸತಿಗೆಂದು ತಿಂಗಳ ಲೆಕ್ಕದಲ್ಲಿ 10 ತಿಂಗಳು ದುಡ್ಡು ಬರುತ್ತದೆ.

ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ತಾಣ ಎನ್‌ಎಸ್‌ಪಿಯಲ್ಲಿ ಮೊದಲು ಓಟಿಆರ್ (ಒಂದೇ ಸಲ ಮಾಡುವ ನೋಂದಣಿ) ಸಂಖ್ಯೆ ಪಡೆಯಬೇಕು. ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ ಡಿಗ್ರಿಗೆ ವರ್ಷಕ್ಕೆ 12,000 ಬರುವ ಯೋಜನೆ ಇದೆ. ಇಂಜಿನಿಯರಿಂಗ್, ಡಿಪ್ಲೊಮಾ ಹುಡುಗಿಯರಿಗೆ ಪ್ರಗತಿ: ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ. ಸಬ್ಮಿಟ್ ಒತ್ತಿ ಸುಮ್ಮನಾಗುವವರೇ ಜಾಸ್ತಿ. ಕಾಲೇಜಿನ ನೋಡಲ್ ಅಧಿಕಾರಿ ವೆರಿಫೈ ಮಾಡದಿದ್ದರೆ ಕೊನೆಯ ದಿನಾಂಕ ದಾಟಿದ ಕೂಡಲೇ ಅರ್ಜಿ ಸತ್ತಂತೆ. ‘ಡಿಫೆಕ್ಟ್’ ಎಂದು ವಾಪಸ್ ಬಂದರೆ ತಿದ್ದಿ ಮತ್ತೆ ಕಳಿಸಬಹುದು, ಆದರೆ ವಾರಕ್ಕೊಮ್ಮೆ ಲಾಗಿನ್ ಮಾಡಿ ನೋಡಿದವರಿಗಷ್ಟೇ ಅದು ಗೊತ್ತಾಗುತ್ತದೆ.

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಡಿಗ್ರಿ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ಕೊಡುತ್ತದೆ. ನಮ್ಮ ಕಡೆ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಇದು ಇನ್ನೂ ಸರಿಯಾಗಿ ಮುಟ್ಟಿಲ್ಲ. ತೋಟದ ಕಾರ್ಮಿಕರ ಮಕ್ಕಳು ಕಾಫಿ ಮಂಡಳಿಯ ಹತ್ತಿರದ ಕಚೇರಿಯಲ್ಲೂ ಶೈಕ್ಷಣಿಕ ಸಹಾಯಧನ ವಿಚಾರಿಸಬೇಕು.

ರಾಜ್ಯದ ದುಡ್ಡು ಬಂತೇ, ಯಾವ ಬ್ಯಾಂಕಿಗೆ ಬಂತು ಎಂಬುದು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಸಿಗುತ್ತದೆ. ಮರೆತ ಹಳೆಯ ಖಾತೆಯಲ್ಲಿ ಹೋದ ವರ್ಷದ ದುಡ್ಡು ಬಿದ್ದಿರುವುದೂ ಉಂಟು.