ಅಗಲ ಹಣೆ, ಚೂಪು ಗದ್ದ: ನಾನು ಕೂದಲು ಕತ್ತರಿಸುವ ಬಗೆ

ಹೃದಯದಾಕಾರದ ಮುಖದವರು ಚಿಕ್ಕಮಗಳೂರಿನ ನಮ್ಮ ಪಾರ್ಲರ್‌ಗೆ ಬಂದರೆ ಮೊದಲು ಕೇಳುವುದು, ‘ಅಕ್ಕಾ, ಈ ಹಣೆ ಮುಚ್ಚಿಬಿಡಿ’ ಅಂತ. ಹಣೆಯ ಮೇಲೆ ಮುಂಗೂದಲನ್ನು ದಪ್ಪಗೆ, ನೇರಕ್ಕೆ ಕತ್ತರಿಸಿಬಿಟ್ಟರೆ ನೋಡುವವರ ಕಣ್ಣು ಸೀದಾ ಕೆಳಕ್ಕೆ ಜಾರಿ ಗದ್ದ ಇನ್ನೂ ಚೂಪಾಗಿ ಕಾಣುತ್ತದೆ. ತುಂಬಬೇಕಾದ್ದು ದವಡೆಯ ಅಕ್ಕಪಕ್ಕದ ಖಾಲಿ ಜಾಗ.

ಮೊದಲು ಕೂದಲನ್ನೆಲ್ಲ ಹಿಂದಕ್ಕೆ ಕಟ್ಟಿ ಟೇಪ್ ಹಿಡಿಯುತ್ತೇನೆ: ಹಣೆ, ಕೆನ್ನೆ ಮೂಳೆ, ಬಾಯಿಯ ನೇರಕ್ಕೆ ದವಡೆ. ಹಣೆಗಿಂತ ದವಡೆ ಇಂಚಿನಷ್ಟು ಕಡಿಮೆಯಿದ್ದು ಗದ್ದ ಮೊನಚಾಗಿದ್ದರೆ ಅದು ಹೃದಯದಾಕಾರ ಅಂತ ಲೆಕ್ಕ.

ಬೈತಲೆಯನ್ನು ನಡುವಿನಿಂದ ಪಕ್ಕಕ್ಕೆ ಸರಿಸಿ, ಹುಬ್ಬಿನ ಕಮಾನಿನ ನೇರಕ್ಕೆ ತೆಗೆಯುತ್ತೇನೆ. ಆ ಬೈತಲೆಯ ಮೇಲೆ, ಹಣೆಯ ಅಂಚಿನಿಂದ ಒಂದೂವರೆ ಇಂಚು ಹಿಂದಿನಿಂದ ಎರಡೂ ಹುಬ್ಬಿನ ಕೊನೆಗೆ ಗೆರೆ ಎಳೆದು ತ್ರಿಕೋನ ಬಿಡಿಸಿ, ಉಳಿದದ್ದಕ್ಕೆ ಕ್ಲಿಪ್. ಆ ತ್ರಿಕೋನದ ಕೂದಲೇ ಮುಂಗೂದಲಾಗುವುದು. ಕೂದಲು ನೀರು ತೊಟ್ಟಿಕ್ಕುವಂತಿರಬಾರದು. ಒದ್ದೆ ಕೂದಲು ಹಿಗ್ಗಿರುತ್ತದೆ, ಒಣಗಿದರೆ ಅರ್ಧ ಇಂಚು ಮೇಲೇರುತ್ತದೆ. ಗುಂಗುರಾದರೆ ಎರಡಿಂಚೂ ಏರೀತು. ಅದಕ್ಕೇ ಗುಂಗುರು ಕೂದಲನ್ನು ಒಣಗಿಸಿದ ಮೇಲೇ ಮುಟ್ಟುವುದು. ನಡುವಿನ ಎಳೆ ಮೂಗಿನ ತುದಿಗೆ ಬರಬೇಕು, ಪಕ್ಕದವು ಓರೆಯಾಗಿ ಇಳಿದು ತುಟಿಯ ಮಟ್ಟಕ್ಕೆ. ಕತ್ತರಿಯನ್ನು ಅಡ್ಡ ಹಿಡಿಯದೆ ಮೊನೆ ಮೇಲೆ ಮಾಡಿ ಚೂರುಚೂರೇ ತೆಗೆದರೆ ಅಂಚು ಮೆತ್ತಗಿರುತ್ತದೆ.

ಲೇಯರ್, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುವುದು, ಗದ್ದದ ಕೆಳಗೇ ಶುರುವಾಗಬೇಕು. ಕೆನ್ನೆ ಮೂಳೆಯ ಹತ್ತಿರ ಶುರು ಮಾಡಿದರೆ ಅಗಲವಿದ್ದಲ್ಲೇ ಇನ್ನಷ್ಟು ಅಗಲ. ಉದ್ದ ಹೆಗಲಿಗೆ ತಾಗುವಷ್ಟಿದ್ದರೆ ತುದಿ ತಾನಾಗಿ ಹೊರಕ್ಕೆ ಹೊರಳುತ್ತದೆ, ನಮಗೆ ಬೇಕಾದ ತುಂಬು ಅಲ್ಲಿ ಸಿಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಪ್ಪ, ಶೃಂಗೇರಿ ಕಡೆಯವರಿಗೆ ಮುಂಗೂದಲು ಗಿಡ್ಡ ಮಾಡುವುದಿಲ್ಲ. ಮಳೆಯ ತೇವಕ್ಕೆ ಉಬ್ಬಿ ಹಣೆಯ ಮೇಲೆ ಕೊಡೆಯಂತೆ ನಿಲ್ಲುತ್ತದೆ. ಕಡೂರು ಕಡೆಯ ಒಣ ಹವೆಗೆ ಆ ಕಾಟ ಕಡಿಮೆ. ಎಣ್ಣೆ ಹಚ್ಚುವಾಗ ಮುಂಗೂದಲು ಬಿಟ್ಟು ಹಚ್ಚಿ. ಇಲ್ಲವಾದರೆ ಎಳೆಗಳು ಅಂಟಿಕೊಂಡು ಹಣೆ ಮತ್ತೆ ಅಗಲ ಕಾಣುತ್ತದೆ.

ಕಷ್ಟವಿರುವುದು ಮದುವೆ ಹೆಣ್ಣಿಗೆ. ಬೈತಲೆ ಬೊಟ್ಟು ಇಡಬೇಕು, ನಡು ಬೈತಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಆಗ ನೆತ್ತಿಯ ಮೇಲೆ ಕೂದಲು ಉಬ್ಬಿಸಿ ಕಟ್ಟುವ ಪಫ್ ಬೇಡ ಅಂತ ಮನೆಯವರನ್ನು ಒಪ್ಪಿಸುತ್ತೇನೆ, ಎಷ್ಟು ಹೊತ್ತು ಹಿಡಿದರೂ ಸರಿ. ಎರಡೂ ಕಿವಿಯ ಮುಂದೆ ಪೆನ್ಸಿಲ್ ದಪ್ಪದ ಎಳೆ ಬಿಟ್ಟು, ಬಾಯಿಯ ಮಟ್ಟದಿಂದ ಕೆಳಗೆ ಮಾತ್ರ ಸುರುಳಿ ಹಾಕುತ್ತೇನೆ. ಜಡೆ ಶುರುವಾಗುವುದು ಕತ್ತಿನ ಬುಡದಲ್ಲಿ. ಮಲ್ಲಿಗೆ ದಂಡೆಯನ್ನು ನೆತ್ತಿಗೆ ಏರಿಸದೆ, ಎದುರಿನಿಂದ ನೋಡಿದರೆ ಎರಡೂ ಕಿವಿಯ ಕೆಳಗೆ ಬಿಳಿ ಹೂವು ಇಣುಕುವಂತೆ ಪಿನ್ ಮಾಡುತ್ತೇನೆ. ಬುಡ ಅಗಲವಿರುವ ಜುಮಕಿ ಹಾಕಿದರೆ ದವಡೆಯ ಪಕ್ಕ ಇನ್ನೂ ತುಂಬುತ್ತದೆ. ಕಿವಿಗಂಟಿದ ಹರಳಿನ ಓಲೆಯಿಂದ ಅದಾಗುವುದಿಲ್ಲ.