ಟಿಲ್ಲರ್ ಜತೆ ಕುಸ್ತಿ ಬೇಡ, ಹಾಯಿ ಸಡಿಲಿಸಿ

ಗಾಳಿ ಸ್ವಲ್ಪ ಜೋರಾದರೆ ಸಾಕು, ನನ್ನ ಭಾವಮೈದ ಎರಡೂ ಕೈಯಲ್ಲಿ ಹಾಯಿದೋಣಿಯ ಟಿಲ್ಲರ್ (ಚುಕ್ಕಾಣಿ ತಿರುಗಿಸುವ ಹಿಡಿಕೋಲು) ಹಿಡಿದು, ಎದುರಿನ ಸೀಟಿಗೆ ಕಾಲು ಒತ್ತಿ ಎಳೆಯಲು ಶುರು ಮಾಡುತ್ತಾನೆ. ಕಾಫಿ ಫ್ಲಾಸ್ಕ್ ಉರುಳುತ್ತದೆ, ಅದರ ಹಿಂದೆಯೇ ಕೋಡುಬಳೆ ಡಬ್ಬ. ದೋಣಿ ಮಾತ್ರ ಹಟ ಹಿಡಿದು ಗಾಳಿ ಬರುವ ಕಡೆಗೇ ಮೂತಿ ತಿರುಗಿಸುತ್ತದೆ.

‘ಭಾವ, ಚುಕ್ಕಾಣಿ ಜಾಮ್ ಆಗಿದೆ!’

‘ಏನೂ ಆಗಿಲ್ಲ ಕಣೋ, ಮೇನ್‌ಶೀಟ್ ಬಿಡು’ ಅಂದರೆ ದೊಡ್ಡ ಹಾಯಿಯನ್ನು ಹಿಡಿದಿಡುವ ಆ ಹಗ್ಗವನ್ನು ಇನ್ನೂ ಬಿಗಿಯಾಗಿ ಎಳೆಯುತ್ತಾನೆ.

ಅವನೊಬ್ಬನೇ ಅಲ್ಲ. ಬೆಂಗಳೂರಿನಿಂದ ಭಾನುವಾರ ನಸುಕಿನಲ್ಲೇ ಹೊರಟು ಕೆಆರ್‌ಎಸ್ ಹಿನ್ನೀರಿಗೆ ನನ್ನ ಜತೆ ಬರುವ ಗೆಳೆಯರಲ್ಲಿ ಮುಕ್ಕಾಲು ಪಾಲು ಮಂದಿ ಮಾಡುವುದು ಇದನ್ನೇ. ಕ್ಯಾಬಿನ್ ಇರುವ 20–22 ಅಡಿಯ ದೋಣಿ ಭಾರದ್ದು. ಅದು ಇಷ್ಟೆಲ್ಲ ತಪ್ಪನ್ನೂ ಸಹಿಸಿಕೊಂಡು ಹೇಗೋ ಮುಂದೆ ಹೋಗುತ್ತದೆ. ಹಾಗಾಗಿ ತಪ್ಪು ಗೊತ್ತಾಗುವುದೇ ಇಲ್ಲ. ಸಂಜೆ ಭುಜ ನೋವು ಬಂದಾಗ ‘ಸೇಲಿಂಗ್ ಅಂದ್ರೆ ಹೀಗೇ’ ಅಂದುಕೊಳ್ಳುತ್ತಾರೆ.

ಟಿಲ್ಲರ್ ಬಿಟ್ಟರೆ ದೋಣಿ ತಾನಾಗಿ ಗಾಳಿಯತ್ತ ತಿರುಗುವ ಈ ಗುಣಕ್ಕೆ ವೆದರ್ ಹೆಲ್ಮ್ ಅನ್ನುತ್ತಾರೆ. ಸ್ವಲ್ಪ ಇರಲೇಬೇಕು. ನೀವು ಕಾಲು ಜಾರಿ ಬಿದ್ದು ಟಿಲ್ಲರ್ ಕೈಬಿಟ್ಟರೂ ದೋಣಿ ಗಾಳಿಗೆ ಮುಖ ಮಾಡಿ ನಿಧಾನವಾಗುತ್ತದೆ. ಇದರ ಉಲ್ಟಾ ಆಗಿ ಗಾಳಿಗೆ ಬೆನ್ನು ತಿರುಗಿಸಿಕೊಂಡು ಓಡುವ ದೋಣಿಯೇ ಅಪಾಯ. ಹಾಯಿಯ ಬುಡದ ಅಡ್ಡಕಂಬ ಬೂಮ್ ಯಾವಾಗ ತಲೆಗೆ ಬಡಿಯುತ್ತದೋ ಹೇಳಲಾಗದು. ತಕರಾರು ಇರುವುದು ವೆದರ್ ಹೆಲ್ಮ್ ಜಾಸ್ತಿಯಾದಾಗ.

ಮೊದಲು ಅಳತೆ

ಟಿಲ್ಲರ್ ನಟ್ಟನಡುವೆ ಇರುವಾಗ ಅದರ ತುದಿಯ ನೇರಕ್ಕೆ ಕಾಕ್‌ಪಿಟ್‌ನಲ್ಲಿ ಒಂದು ತುಂಡು ಬಣ್ಣದ ಟೇಪ್ ಅಂಟಿಸಿ. ಟಿಲ್ಲರ್ 1 ಮೀಟರ್ ಉದ್ದವಿದ್ದರೆ ಅಲ್ಲಿಂದ ಎರಡೂ ಪಕ್ಕ 7 ಸೆಂ.ಮೀ. ದೂರಕ್ಕೆ ಇನ್ನೊಂದೊಂದು ತುಂಡು. ಅದು ಸುಮಾರು 4 ಡಿಗ್ರಿ. ಗಾಳಿಗೆ ಎದುರಾಗಿ ಹೋಗುವಾಗ ತುದಿ ಆ ಗುರುತಿನ ಆಸುಪಾಸು ಇದ್ದರೆ ಚೆಂದ. 17–18 ಸೆಂ.ಮೀ. ತನಕ ಬಂತೆಂದರೆ ಸುಮಾರು 10 ಡಿಗ್ರಿ ಆಯಿತು. ಅಷ್ಟು ಹೊತ್ತಿಗೆ ರಡ್ಡರ್, ಅಂದರೆ ನೀರೊಳಗಿನ ಚುಕ್ಕಾಣಿ, ನೀರಿಗೆ ಅಡ್ಡ ನಿಂತು ಬ್ರೇಕ್ ಹಾಕುತ್ತಿರುತ್ತದೆ.

ಟಿಲ್ಲರ್ ನಡುವೆಯೇ ಇದ್ದರೂ ಕೈಗೆ ಭಾರ ಅನಿಸಿದರೆ ಹಾಯಿಯನ್ನು ಬೈಯಬೇಡಿ. ಮೇಲಕ್ಕೆ ಮಡಚುವ ರಡ್ಡರ್ ಆದರೆ ಅದರ ಅಲಗು ಪೂರ್ತಿ ಕೆಳಗಿಳಿದಿದೆಯಾ ನೋಡಿ. ಅಲಗು ಸ್ವಲ್ಪ ಹಿಂದಕ್ಕೆ ವಾಲಿದ್ದರೂ ಟಿಲ್ಲರ್ ರುಬ್ಬುಗುಂಡಿನಷ್ಟು ಭಾರವಾಗುತ್ತದೆ. ಇದನ್ನು ನೋಡದೆ ನಾನು ಒಂದಿಡೀ ಮಧ್ಯಾಹ್ನ ಹಾಳುಮಾಡಿಕೊಂಡಿದ್ದೇನೆ.

ದೋಣಿಯನ್ನು ನೆಟ್ಟಗೆ ನಿಲ್ಲಿಸಿ

ತಳ್ಳುಗಾಡಿಯನ್ನು ನಡುವೆ ಹಿಡಿಯದೆ ಬಲಮೂಲೆಯಲ್ಲಿ ಮಾತ್ರ ತಳ್ಳಿ ನೋಡಿ. ಎಡಕ್ಕೆ ತಿರುಗುತ್ತದೆ, ಅಲ್ವಾ? ದೋಣಿ ವಾಲಿದಾಗಲೂ ಹೀಗೇ. ಹಾಯಿ ದೋಣಿಯ ಪಕ್ಕಕ್ಕೆ ಹೊರಚಾಚಿ, ಅಲ್ಲಿಂದ ತಳ್ಳುತ್ತದೆ. ಮೂತಿ ಗಾಳಿಯತ್ತ ತಿರುಗುತ್ತದೆ. ಹಲಸೂರು ಕೆರೆಯಲ್ಲಿ ಸೇನೆಯ ಹುಡುಗರು ಪುಟ್ಟ ಡಿಂಗಿ ಓಡಿಸುವಾಗ ದಂಡೆಯಲ್ಲಿ ನಿಂತು ನೋಡಿ. ಗಾಳಿ ರಪ್ಪನೆ ಬಂದ ಕೂಡಲೇ ಮೈ ಹೊರಗೆ ಚಾಚುತ್ತಾರೆ, ಶೀಟ್ ಹಗ್ಗ ಒಂದು ಗೇಣು ಬಿಡುತ್ತಾರೆ. ದೋಣಿ ನೆಟ್ಟಗಾಗಿ ಮುಂದೆ ನುಗ್ಗುತ್ತದೆ.

ನಮ್ಮ ದೊಡ್ಡ ದೋಣಿಗೂ ಮದ್ದು ಅದೇ. ಎಲ್ಲರೂ ಗಾಳಿ ಬರುವ ಪಕ್ಕ ಕೂರಿ. ವಾಲುವಿಕೆ 15 ಡಿಗ್ರಿ ಸುತ್ತಮುತ್ತ ಇರಲಿ, 20 ದಾಟುವುದು ಬೇಡ. ಫೋನಿನಲ್ಲಿರುವ ಮಟ್ಟ ನೋಡುವ ಆ್ಯಪ್ ಸಾಕು.

ಎಲ್ಲರೂ ಎಡವುವ ಜಾಗ: ಮೇನ್‌ಸೇಲ್

ಮುಂದಿನ ಹಾಯಿ ಜಿಬ್ ದೋಣಿಯ ಮೂತಿಯನ್ನು ಗಾಳಿಯಿಂದ ಆಚೆಗೆ ತಳ್ಳುತ್ತದೆ. ಹಿಂದಿನ ದೊಡ್ಡ ಹಾಯಿ ಮೇನ್‌ಸೇಲ್ ಗಾಳಿಯತ್ತ ತಿರುಗಿಸುತ್ತದೆ. ಟಿಲ್ಲರ್ ಎಳೆಯುತ್ತಿದೆ ಅಂದರೆ ಮೇನ್‌ಸೇಲ್ ಮೇಲುಗೈ ಆಗಿದೆ. ಸಾಮಾನ್ಯವಾಗಿ ಅದರ ಹೊಟ್ಟೆ ಉಬ್ಬಿರುತ್ತದೆ, ಆ ಉಬ್ಬು ಹಿಂದಕ್ಕೆ ಸರಿದಿರುತ್ತದೆ. ಅದನ್ನು ಚಪ್ಪಟೆ ಮಾಡಬೇಕು, ಉಬ್ಬನ್ನು ಮುಂದಕ್ಕೆ ತರಬೇಕು.

ಹ್ಯಾಲಿಯರ್ಡ್‌ನಿಂದ ಶುರು ಮಾಡಿ, ಅದು ಹಾಯಿ ಏರಿಸುವ ಹಗ್ಗ. ಮಾಸ್ಟ್ (ಹಾಯಿಕಂಬ) ಪಕ್ಕ ಹಾಯಿಯಲ್ಲಿ ಅಡ್ಡಡ್ಡ ಸುಕ್ಕು ಕಾಣುತ್ತಿದ್ದರೆ ಅವು ಮಾಯವಾಗುವ ತನಕ ಎಳೆಯಿರಿ. ಕನ್ನಿಂಗ್‌ಹ್ಯಾಮ್ ಇದ್ದರೆ, ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆ ಜಗ್ಗುವ ಆ ಹಗ್ಗವನ್ನೂ. ಉಬ್ಬು ಮುಂದಕ್ಕೆ ಬರುತ್ತದೆ. ಆಮೇಲೆ ಹಾಯಿಯ ಹಿಂದಿನ ಕೆಳಮೂಲೆಯನ್ನು ಎಳೆಯುವ ಬೂಮ್ ತುದಿಯ ಹಗ್ಗ ಔಟ್‌ಹಾಲ್ ಬಿಗಿಯಿರಿ, ಹಾಯಿಯ ಕೆಳಭಾಗ ತಟ್ಟೆಯ ಹಾಗೆ ಚಪ್ಪಟೆ ಆಗಲಿ.

ಇಲ್ಲೊಂದು ಮಾತು. ಹ್ಯಾಲಿಯರ್ಡ್‌ಗೆ ಮಾರ್ಕೆಟ್ಟಿನ ಹೊಳೆಯುವ ನೈಲಾನ್ ಹಗ್ಗ ತರಲೇಬೇಡಿ. ಅಗ್ಗ, ನಿಜ. ನಾನೂ ತಂದಿದ್ದೆ. ನೈಲಾನ್ ಹಿಗ್ಗುತ್ತದೆ. ದಡದಲ್ಲಿ ಬಿಗಿದದ್ದು ಗಾಳಿ ಬಂದ ತಕ್ಷಣ ಸಡಿಲ, ಹಾಯಿಯಲ್ಲಿ ಮತ್ತೆ ಸುಕ್ಕು, ಉಬ್ಬು ಮತ್ತೆ ಹಿಂದಕ್ಕೆ. ಲಂಗರಿಗೆ ಅದು ಒಳ್ಳೆಯದು, ಹಾಯಿ ಏರಿಸಲು ಪಾಲಿಯೆಸ್ಟರ್ ಹಗ್ಗವೇ ಬೇಕು. ಹಾಯಿಯೇ ಹಳತಾಗಿ ಜೋಲುಬಿದ್ದಿದ್ದರೆ ಎಷ್ಟು ಎಳೆದರೂ ಅಷ್ಟಕ್ಕಷ್ಟೇ.

ಈಗ ಹಾಯಿಯ ಹಿಂದಿನ ಅಂಚು. ಇದಕ್ಕೆ ಪುರುಸೊತ್ತು ಬೇಕು. ಬೂಮ್ ಕೆಳಗೆ ಕೂತು, ಕತ್ತು ಎತ್ತಿ ಮೇಲೆ ನೋಡಿ. ಎಲ್ಲಕ್ಕಿಂತ ಮೇಲಿನ ಪಟ್ಟಿ, ಅಂದರೆ ಬ್ಯಾಟನ್, ಬೂಮ್‌ಗೆ ಸಮಾನಾಂತರವಾಗಿ ಕಾಣಬೇಕು. ಅದು ಒಳಗೆ, ನಿಮ್ಮ ಕಡೆಗೆ ಬಾಗಿದ್ದರೆ ಮೇನ್‌ಶೀಟ್ ಅತಿಯಾಗಿ ಬಿಗಿದಿದೆ. ಆ ಬ್ಯಾಟನ್ ತುದಿಗೆ ಒಂದು ಗೇಣು ರಿಬ್ಬನ್ ಹೊಲಿದಿಟ್ಟಿರಿ. ಚಿಕ್ಕಪೇಟೆಯ ನೈಲಾನ್ ರಿಬ್ಬನ್ ಸಾಕು. ಉಲ್ಲನ್ ದಾರ ಒದ್ದೆಯಾದರೆ ಬಟ್ಟೆಗೆ ಅಂಟಿಕೊಳ್ಳುತ್ತದೆ, ನನಗೆ ಇಷ್ಟವಿಲ್ಲ. ರಿಬ್ಬನ್ ಹೆಚ್ಚು ಹೊತ್ತು ಹಿಂದಕ್ಕೆ ನೆಟ್ಟಗೆ ಹಾರುತ್ತಾ, ಆಗಾಗ ಹಾಯಿಯ ಹಿಂದೆ ಅಡಗಿದರೆ ಸರಿಯಾಗಿದೆ. ಅಡಗಿದ್ದು ಹೊರಗೆ ಬರುವುದೇ ಇಲ್ಲವೆಂದರೆ ಶೀಟನ್ನು ಐದು ಸೆಂ.ಮೀ. ಬಿಡಿ, ಮತ್ತೆ ನೋಡಿ. ಮತ್ತೆ ಐದು. ಟಿಲ್ಲರ್ ಮೇಲೆ ಒಂದೇ ಕೈ ಇರಲಿ. ಎಳೆತ ಕಮ್ಮಿಯಾಗುವುದು ಬೆರಳಿಗೇ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಟ್ರಾವೆಲರ್, ಅಂದರೆ ಮೇನ್‌ಶೀಟಿನ ಬುಡವನ್ನು ಅಡ್ಡಕ್ಕೆ ಸರಿಸುವ ಜಾರುಗಾಡಿ. ಗಾಳಿಯ ಹೊಡೆತ ಬರುವುದು ಮೊದಲೇ ಕಾಣುತ್ತದೆ, ನೀರು ಅಲ್ಲಿ ಕಪ್ಪಗಾಗಿ ಸುಕ್ಕುಗಟ್ಟಿರುತ್ತದೆ. ಅದು ತಲುಪುವ ಕ್ಷಣಕ್ಕೆ ಸರಿಯಾಗಿ ಟ್ರಾವೆಲರನ್ನು ಗಾಳಿ ಹೋಗುವ ಪಕ್ಕಕ್ಕೆ ಬಿಡಿ. ಹಾಯಿಯ ಆಕಾರ ಕೆಡದೆ ಬೂಮ್ ಮಾತ್ರ ಆಚೆ ಸರಿಯುತ್ತದೆ. ಮಾಸ್ಟ್ ಹತ್ತಿರ ಹಾಯಿ ಸ್ವಲ್ಪ ಒಳಗುಬ್ಬಿದರೆ ಗಾಬರಿ ಬೇಡ, ಅದೇ ನಮಗೆ ಬೇಕಾದದ್ದು. ಹೊಡೆತ ದಾಟಿದ ಮೇಲೆ ಮೆಲ್ಲಗೆ ವಾಪಸ್ ತನ್ನಿ. ಟ್ರಾವೆಲರ್ ಇಲ್ಲದ ದೋಣಿಯಾದರೆ ವ್ಯಾಂಗ್ (ಬೂಮನ್ನು ಕೆಳಕ್ಕೆ ಹಿಡಿಯುವ ಹಗ್ಗ) ಬಿಗಿದಿಟ್ಟುಕೊಂಡು ಶೀಟನ್ನೇ ಬಿಡಿ.

ಕೆಲವರು ಟಿಲ್ಲರಿಗೆ ರಬ್ಬರ್ ಹಗ್ಗ ಬಿಗಿದು ಆರಾಮಾಗಿ ಕೂರುತ್ತಾರೆ. ಜ್ವರ ಬಂದಾಗ ಥರ್ಮಾಮೀಟರ್ ಎಸೆದ ಹಾಗೆ ಅದು.

ಜಿಬ್

ಇದರ ಮುಂಭಾಗದಲ್ಲಿ ಮೇಲೆ, ನಡುವೆ, ಕೆಳಗೆ ಅಂಟಿಸಿದ ಮೂರು ರಿಬ್ಬನ್‌ಗಳೂ ಒಟ್ಟಿಗೇ ಅಲುಗಾಡಬೇಕು. ಮೇಲಿನದು ಮೊದಲು ಅಲುಗಿದರೆ ಜಿಬ್‌ಶೀಟಿನ ಕಾರನ್ನು (ಹಗ್ಗ ಹಾದುಹೋಗುವ, ಹಳಿಯ ಮೇಲೆ ಜಾರುವ ರಾಟೆ) ಮುಂದಕ್ಕೆ ಸರಿಸಿ, ಕೆಳಗಿನದು ಮೊದಲಾದರೆ ಹಿಂದಕ್ಕೆ. ಅಷ್ಟೇ.

ರೀಫ್ ಮಾಡಲು ನಾಚಿಕೆ ಬೇಡ

ಆಷಾಢದ ಗಾಳಿ ಗೊತ್ತಲ್ಲ, ಬೆಂಗಳೂರಿನಲ್ಲೇ ಕೊಡೆ ಉಲ್ಟಾ ಮಾಡುತ್ತದೆ. ಬಯಲಾದ ಹಿನ್ನೀರಿನ ಮೇಲೆ ಕೇಳಬೇಕೆ? ನೀರಿನ ತುಂಬ ಮತ್ತೆ ಮತ್ತೆ ಬಿಳಿ ನೊರೆ ಕಂಡರೆ ಗಾಳಿ ಗಂಟೆಗೆ 20 ಕಿ.ಮೀ. ದಾಟಿದೆ. ಮೊದಲ ರೀಫ್ ಆಗಲೇ ಹಾಕಿ, ಅಂದರೆ ಹಾಯಿಯ ಒಂದು ಪಾಲು ಮಡಚಿ ಚಿಕ್ಕದು ಮಾಡಿ. ಮೇನ್‌ಸೇಲಿಗೆ ಹಾಕಿ! ಜಿಬ್ ಸುತ್ತುವುದು ಸುಲಭ, ಹಗ್ಗ ಎಳೆದರೆ ಮುಗಿಯಿತು ಅಂತ ಎಲ್ಲರೂ ಅದನ್ನೇ ಅರ್ಧ ಸುತ್ತುತ್ತಾರೆ. ಮುಂದಿನ ಹಾಯಿ ಚಿಕ್ಕದಾಯಿತು, ಹಿಂದಿನದು ಪೂರ್ತಿ ನಿಂತಿತು. ಟಿಲ್ಲರ್ ಇನ್ನೂ ಜಾಸ್ತಿ ಎಳೆಯದೆ ಏನು ಮಾಡೀತು?

ಕೊನೆಗೆ ನೀರಿನ ಕೆಳಗೂ ಮಾಸ್ಟ್ ಬುಡದಲ್ಲೂ

ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ 124.80 ಅಡಿ ಅಂತ ಬಂದ ದಿನಗಳಲ್ಲಿ ಸೆಂಟರ್‌ಬೋರ್ಡ್ (ದೋಣಿಯ ತಳದಿಂದ ನೀರಿಗಿಳಿಯುವ ಹಲಗೆ) ಪೂರ್ತಿ ಇಳಿಸುತ್ತೇವೆ. ಬೇಸಿಗೆಯಲ್ಲಿ ಕಲ್ಲಿಗೆ ಹೆದರಿ ಸ್ವಲ್ಪ ಎತ್ತುತ್ತೇವೆ. ತಿರುಗಣೆಯ ಮೇಲೆ ಏಳುವ ಬೋರ್ಡು ಹಿಂದಕ್ಕೆ ಸರಿಯುವುದರಿಂದ ನೀರಿನ ಹಿಡಿತವೂ ಹಿಂದಕ್ಕೆ ಹೋಗುತ್ತದೆ, ಟಿಲ್ಲರ್ ಹಗುರಾಗುತ್ತದೆ. ಬೇಕೆಂದೇ ಒಂದು ಹತ್ತು ಸೆಂ.ಮೀ. ಎತ್ತಿ ನೋಡಿ. ಜಾಸ್ತಿ ಎತ್ತಿದರೆ ದೋಣಿ ಪಕ್ಕಕ್ಕೆ ಜಾರುತ್ತದೆ.

ಇಷ್ಟೆಲ್ಲ ಮಾಡಿದರೂ ಗುರುತಿನ ಟೇಪು ದಾಟುತ್ತಿದ್ದರೆ ಮಾತ್ರ ಮಾಸ್ಟ್ ಮುಟ್ಟಿ, ಅದೂ ದಡದಲ್ಲಿ. ದೋಣಿಯನ್ನು ಮಟ್ಟವಾಗಿ ನಿಲ್ಲಿಸಿ. ಹ್ಯಾಲಿಯರ್ಡ್ ತುದಿಗೆ ಗಾರೆಯವರ ತೂಗುಗುಂಡು ಕಟ್ಟಿ ಬೂಮ್ ಎತ್ತರಕ್ಕೆ ಇಳಿಬಿಡಿ. ಗಾಳಿಗೆ ಆಡದಂತೆ ಗುಂಡನ್ನು ಒಂದು ಬಕೆಟ್ ನೀರಲ್ಲಿ ಮುಳುಗಿಸಿ. ಮಾಸ್ಟ್‌ಗೂ ಹಗ್ಗಕ್ಕೂ ಎಷ್ಟು ಅಂತರ ಅಂತ ಬರೆದಿಟ್ಟುಕೊಳ್ಳಿ. ಮಾಸ್ಟ್ ಹಿಡಿದಿರುವ ಮುಂದಿನ ತಂತಿಯ ಬಿಗಿತಿರುಪು, ಅಂದರೆ ಟರ್ನ್‌ಬಕಲ್ ಎರಡು ಸುತ್ತು ಬಿಗಿಯಿರಿ, ಹಿಂದಿನದನ್ನು ಅಷ್ಟೇ ಸಡಿಲಿಸಿ, ಮಾಸ್ಟ್ ಸ್ವಲ್ಪ ಮುಂದಕ್ಕೆ ವಾಲಲಿ. ಮತ್ತೆ ಅಳೆಯಿರಿ. ನೀರಿಗಿಳಿಯುವ ಮೊದಲು ಟರ್ನ್‌ಬಕಲ್‌ಗಳ ಪಿನ್ ವಾಪಸ್ ಹಾಕಿ, ಮೇಲೆ ಟೇಪ್ ಸುತ್ತಿ. ಪಿನ್ನು ಜೇಬಿನಲ್ಲೇ ಉಳಿದಿದ್ದು ನನಗೆ ಗೊತ್ತಾದದ್ದು ದಡದಿಂದ ಅರ್ಧ ಕಿ.ಮೀ. ದೂರ ಹೋದ ಮೇಲೆ, ಕರ್ಚೀಫ್ ತೆಗೆದಾಗ.